ನೀರುಗೆರೆಯ ಮೇಲಿನ ಹಡಗು: ಜಲರೇಖಾ ಮಾದರಿಗಳ ರಚನೆ ಮತ್ತು ಚರಿತ್ರೆ

ಪೀಠಿಕೆ

ಚರಿತ್ರೆಯ ಪುನಾರಚನೆಯಲ್ಲಿ ಶಾಸನ, ನಾಣ್ಯ, ಕಡತ, ಕಾವ್ಯ, ಶಿಲ್ಪ ಮೊದಲಾದವುಗಳಿಗೆ ಆಕರಗಳೆಂಬ ಮನ್ನಣೆ ಬಹುಕಾಲದಿಂದ ಸಂದಿದೆ. ಆದರೆ ಒಂದು ವಸ್ತುವನ್ನು ಅಳತೆಗೆ ತಕ್ಕಂತೆ ಕಿರಿದುಗೊಳಿಸಿ ರಚಿಸಿದ ಮಾದರಿಗಳಿಗೆ ಅಂಥ ಮನ್ನಣೆ ಸುಲಭವಾಗಿ ದೊರೆತಿಲ್ಲ. ಅವು ಆಟಿಕೆ, ಅಲಂಕಾರ ಅಥವಾ ಹವ್ಯಾಸವೆಂಬ ಭಾವನೆಯೇ ಬಲವಾಗಿದೆ. ನಮ್ಮ ದೇವಾಲಯ ವಾಸ್ತುವಿನ ಅಧ್ಯಯನ ಇದಕ್ಕೊಂದು ಅಪವಾದ. ಗುಡಿಗಳ ಹೊರಭಿತ್ತಿಯಲ್ಲಿ ಕೆತ್ತಿರುವ ಕಿರುಶಿಖರಗಳನ್ನು ಶಾಸನೋಕ್ತ ಪ್ರಾಸಾದ ಭೇದಗಳೊಡನೆ ಹೋಲಿಸಿ ವಾಸ್ತುರೂಪಗಳನ್ನು ಗುರುತಿಸಬಹುದೆಂಬುದನ್ನು ಎಂ. ಎ. ಢಾಕೆಯವರು 1977ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾರೆ. ಕಿರಿದಾದುದು ಹಿರಿದಾದುದಕ್ಕೆ ಸಾಕ್ಷಿ ನುಡಿಯಬಲ್ಲದು ಎಂಬ ಈ ಮಾತು ನೌಕಾ ಚರಿತ್ರೆಗೂ ಅನ್ವಯವಾಗುತ್ತದೆ.

ಹಡಗಿನ ಮಾದರಿಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ತಳದಿಂದ ಕೂವೆಮರದ ತುದಿಯವರೆಗೆ ಇಡೀ ಹಡಗನ್ನು ತೋರಿಸುವುದು ಮೊದಲನೆಯದು; ಇದನ್ನು ಪೂರ್ಣ ಒಡಲಿನ ಮಾದರಿ ಎನ್ನಬಹುದು. ಹಡಗು ತೇಲುತ್ತಿರುವಾಗ ನೀರು ಅದರ ಮೈಯನ್ನು ಮುಟ್ಟುವ ಗೆರೆಯಿಂದ ಮೇಲಿನ ಭಾಗವನ್ನು ಮಾತ್ರ ತೋರಿಸುವುದು ಎರಡನೆಯದು. ವಾಟರ್‌ಲೈನ್ ಮಾದರಿ ಎಂದು ಹೆಸರಾದ ಇದನ್ನು ಪ್ರಸ್ತುತ ಲೇಖನದಲ್ಲಿ ಜಲರೇಖಾ ಮಾದರಿ ಎಂದು ಕರೆಯಲಾಗಿದೆ. ಇದರ ತಳ ಚಪ್ಪಟೆ. ಮೇಜಿನ ಮೇಲಿಟ್ಟರೆ ಮೇಜೇ ಕಡಲಾಗುತ್ತದೆ. ಅರ್ಧ ಹಡಗನ್ನು ಕತ್ತರಿಸಿ ಬಿಟ್ಟ ಈ ರೂಪ ಏಕೆ ಹುಟ್ಟಿತು, ಯಾರ ಉಪಯೋಗಕ್ಕೆ ಬಂತು, ಅದನ್ನು ರಚಿಸುವವನು ಎದುರಿಸುವ ಪ್ರಶ್ನೆಗಳಿಗೂ ಇತಿಹಾಸಕಾರನ ಪ್ರಶ್ನೆಗಳಿಗೂ ಇರುವ ಸಂಬಂಧವೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕಟ್ಟುವವನ ಮಾದರಿ, ನೋಡುವವನ ಮಾದರಿ

ಹಡಗಿನ ಪ್ರತಿರೂಪಗಳನ್ನು ಮಾಡುವ ರೂಢಿ ಅತ್ಯಂತ ಪ್ರಾಚೀನವಾದುದು. ಈಜಿಪ್ಟಿನ ಥೀಬ್ಸ್ ಬಳಿ ಮೆಕೆಟ್ರೆ ಎಂಬ ಅಧಿಕಾರಿಯ ಸಮಾಧಿಯಲ್ಲಿ 1920ರಲ್ಲಿ ದೊರೆತ ಮರದ ದೋಣಿಗಳು ಸುಮಾರು 4,000 ವರ್ಷಗಳಷ್ಟು ಹಳೆಯವು. ಅವು ಸತ್ತವನ ಪರಲೋಕ ಯಾತ್ರೆಗೆಂದು ಇರಿಸಿದವು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ನೌಕಾ ಮಂಡಳಿಗೆ ಸಂಬಂಧಿಸಿದ ಮಾದರಿಗಳು ಬೇರೆಯೇ ಉದ್ದೇಶದವು. ಸಾಮಾನ್ಯವಾಗಿ 1:48ರ ಪ್ರಮಾಣದಲ್ಲಿ, ಎಂದರೆ ಒಂದು ಅಡಿಗೆ ಕಾಲು ಅಂಗುಲದಂತೆ, ರಚಿಸಲಾಗುತ್ತಿದ್ದ ಇವುಗಳಲ್ಲಿ ನೀರಿನೊಳಗಿನ ಭಾಗಕ್ಕೆ ಹಲಗೆ ಹೊದಿಸದೆ ಪಕ್ಕೆಲುಬುಗಳಂಥ ಮರಗಳನ್ನು ಹಾಗೆಯೇ ಬಿಟ್ಟಿರುತ್ತಿದ್ದರು. ನೋಡುವವರ ಗಮನವನ್ನು ಒಡಲಿನ ಕಟ್ಟಡದ ಕಡೆಗೆ ಸೆಳೆಯುವ ಕ್ರಮವಿದು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಆಸಕ್ತಿ ವಿಜ್ಞಾನದ ರೂಪ ತಾಳಿತು. ವಿಲಿಯಂ ಫ್ರೂಡ್ ಎಂಬ ಎಂಜಿನಿಯರು 1872ರಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ಉದ್ದನೆಯ ತೊಟ್ಟಿಯೊಂದರಲ್ಲಿ ಮೇಣದ ಮಾದರಿಗಳನ್ನು ಎಳೆಸಿ, ನೀರು ಹಡಗಿಗೆ ಒಡ್ಡುವ ತಡೆಯನ್ನು ಅಳೆಯತೊಡಗಿದನು. ಫ್ರೂಡನಿಗೆ ಕೂವೆಮರವೂ ಬೇಕಿರಲಿಲ್ಲ, ಹೊಗೆಕೊಳವೆಯೂ ಬೇಕಿರಲಿಲ್ಲ. ನೀರಿಗೆ ತಾಗುವ ಮೈಯ ಆಕಾರವೊಂದೇ ಅವನ ಅಧ್ಯಯನದ ವಸ್ತು.

ಇದಾದ ಕಾಲು ಶತಮಾನದಲ್ಲಿ ಅದೇ ದೇಶದ ಇನ್ನೊಬ್ಬನು ಇದಕ್ಕೆ ತೀರ ವಿರುದ್ಧವಾದ ಹಡಗನ್ನು ಬಯಸಿದನು. ಪತ್ರಕರ್ತನೂ ಚಿತ್ರಕಾರನೂ ಆಗಿದ್ದ ಫ್ರೆಡ್ ಟಿ. ಜೇನ್ 1898ರಲ್ಲಿ ಜಗತ್ತಿನ ಯುದ್ಧನೌಕೆಗಳನ್ನು ಚಿತ್ರಸಹಿತ ಪರಿಚಯಿಸುವ ಗ್ರಂಥವನ್ನು ಹೊರತಂದನು. ಮುಂದೆ ಜೇನ್ಸ್ ಫೈಟಿಂಗ್ ಶಿಪ್ಸ್ ಎಂದು ಪ್ರಸಿದ್ಧವಾದ ವಾರ್ಷಿಕ ಸಂಪುಟಗಳ ಮೂಲ ಇದೇ. ದೂರದಲ್ಲಿ ಕಂಡ ಹಡಗು ಯಾವುದೆಂದು ಗುರುತಿಸಲು ನೆರವಾಗುವುದು ಅದರ ಮುಖ್ಯ ಆಶಯ. ಅದೇ ವರ್ಷ ಆತ ನೌಕಾ ಕದನದ ಆಟವೊಂದನ್ನೂ ಪ್ರಚುರಪಡಿಸಿದನು. ಚೌಕಗಳನ್ನು ಗೆರೆಯೆಳೆದ ಹಾಸಿನ ಮೇಲೆ, ನೀರಿನಿಂದ ಮೇಲಿನ ಭಾಗವನ್ನಷ್ಟೇ ತೋರುವ ಪುಟ್ಟ ಹಡಗುಗಳನ್ನು ನಡೆಸಿ ಆಡುವ ಆಟವದು. ಜೇನನ ಹಡಗಿಗೆ ತಳವೇ ಇಲ್ಲ. ಫ್ರೂಡನ ಹಡಗಿಗೆ ತಳವಲ್ಲದೆ ಬೇರೇನೂ ಇಲ್ಲ.

ಈ ಎರಡನ್ನು ಅಕ್ಕಪಕ್ಕದಲ್ಲಿರಿಸಿ ನೋಡಿದಾಗ ಜಲರೇಖಾ ಮಾದರಿಯ ಸ್ವರೂಪ ಸ್ಪಷ್ಟವಾಗುತ್ತದೆ. ಪೂರ್ಣ ಒಡಲಿನ ಮಾದರಿ ಹಡಗನ್ನು ಕಟ್ಟುವವನ ದೃಷ್ಟಿಯದು. ಜಲರೇಖಾ ಮಾದರಿ ಕಡಲ ಮೇಲೆ ನಿಂತು ಇನ್ನೊಂದು ಹಡಗನ್ನು ನೋಡುವವನ ದೃಷ್ಟಿಯದು. ಅಂಥವನಿಗೆ ನೀರಿನೊಳಗಿನ ಭಾಗ ಎಂದೂ ಕಾಣುವುದಿಲ್ಲ; ಕಂಡರೆ ಆ ಹಡಗು ಮಗುಚಿಕೊಂಡಿದೆ ಎಂದೇ ಅರ್ಥ. ಆದ್ದರಿಂದ ಈ ಮಾದರಿಗಳ ಚರಿತ್ರೆ ಮುಖ್ಯವಾಗಿ ಕಡಲಿನಲ್ಲಿ ನೋಡುವ ವಿದ್ಯೆಯ ಚರಿತ್ರೆಯಾಗಿದೆ.

ಕಣ್ಣನ್ನು ವಂಚಿಸುವ ಬಣ್ಣ

ಮೊದಲ ಮಹಾಯುದ್ಧದ ಕಾಲದಲ್ಲಿ ಈ ಮಾತು ಜೀವನ್ಮರಣದ ಪ್ರಶ್ನೆಯಾಯಿತು. 1917ರ ಆರಂಭದಿಂದ ಜರ್ಮನಿಯ ಜಲಾಂತರ್ಗಾಮಿಗಳು ಬ್ರಿಟನ್ನಿಗೆ ಬರುವ ಸರಕು ಹಡಗುಗಳನ್ನು ಎಗ್ಗಿಲ್ಲದೆ ಮುಳುಗಿಸತೊಡಗಿದವು. ಜಲಾಂತರ್ಗಾಮಿಯ ನಾಯಕನಿಗೆ ಪೆರಿಸ್ಕೋಪಿನ ಮೂಲಕ ಅಲ್ಪಕಾಲದ ನೋಟ ಮಾತ್ರ ಲಭ್ಯ. ಆ ನೋಟದಲ್ಲಿಯೇ ಎದುರಿನ ಹಡಗಿನ ದೂರ, ವೇಗ, ದಿಕ್ಕುಗಳನ್ನು ಅವನು ಅಂದಾಜು ಮಾಡಬೇಕು. 10 ನಾಟ್ ವೇಗದ ಹಡಗು ಒಂದು ನಿಮಿಷದಲ್ಲಿ 300 ಮೀಟರಿಗೂ ಹೆಚ್ಚು ಮುಂದೆ ಸರಿದಿರುತ್ತದೆ. ಆದ್ದರಿಂದ ಟಾರ್ಪಿಡೊವನ್ನು ಹಡಗು ಇರುವ ಕಡೆಗಲ್ಲ, ಅದು ತಲುಪಲಿರುವ ಕಡೆಗೆ ಬಿಡಬೇಕಾಗುತ್ತದೆ. ದಿಕ್ಕಿನ ಅಂದಾಜು ತಪ್ಪಿದರೆ ಗುರಿಯೂ ತಪ್ಪುತ್ತದೆ.

ಕಡಲಚಿತ್ರಗಳಿಗೆ ಹೆಸರಾಗಿದ್ದ ಕಲಾವಿದ ನಾರ್ಮನ್ ವಿಲ್ಕಿನ್ಸನ್ ಈ ಅಂಶವನ್ನು ಗಮನಿಸಿದನು. ಹಡಗನ್ನು ಮರೆಮಾಚಲು ಸಾಧ್ಯವಿಲ್ಲದಿದ್ದರೆ ಅದರ ದಿಕ್ಕನ್ನಾದರೂ ಮರೆಮಾಚಬಹುದು ಎಂಬುದು ಅವನ ವಾದ. ವಿರುದ್ಧ ಬಣ್ಣಗಳ ದಪ್ಪ ಪಟ್ಟೆಗಳನ್ನು ಓರೆಕೋರೆಯಾಗಿ ಬಳಿದು, ಹಡಗಿನ ಮುಂತುದಿ ಯಾವ ಕಡೆಗಿದೆ ಎಂಬುದೇ ತಿಳಿಯದಂತೆ ಮಾಡುವ ಈ ಕ್ರಮಕ್ಕೆ ಡ್ಯಾಝಲ್ ಎಂಬ ಹೆಸರು ಬಂತು. ಇದರ ಪ್ರಯೋಗಶಾಲೆ ಲಂಡನ್ನಿನ ಬರ್ಲಿಂಗ್‌ಟನ್ ಹೌಸಿನಲ್ಲಿದ್ದ ರಾಯಲ್ ಅಕಾಡೆಮಿಯ ಕೊಠಡಿಗಳು.

ಅಲ್ಲಿ ನಡೆದ ಕೆಲಸದ ವಿಧಾನ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಮೊದಲು ಹಡಗಿನ ಸಣ್ಣ ಮರದ ಜಲರೇಖಾ ಮಾದರಿಯನ್ನು ಸಿದ್ಧಪಡಿಸುತ್ತಿದ್ದರು. ಅದಕ್ಕೆ ಪ್ರಾಯೋಗಿಕ ವಿನ್ಯಾಸವನ್ನು ಬಳಿದು ತಿರುಗುವ ಮಣೆಯ ಮೇಲೆ ಇರಿಸುತ್ತಿದ್ದರು. ಹಿಂದೆ ಆಕಾಶದ ಬಣ್ಣದ ಪರದೆ, ಮುಂದೆ ಪೆರಿಸ್ಕೋಪು. ಮಣೆಯನ್ನು ತಿರುಗಿಸುತ್ತ, ಯಾವ ಕೋನದಲ್ಲಿ ಕಣ್ಣು ಹೆಚ್ಚು ಮೋಸಹೋಗುತ್ತದೆ ಎಂಬುದನ್ನು ಪರೀಕ್ಷಿಸುತ್ತಿದ್ದರು. ಒಪ್ಪಿಗೆಯಾದ ವಿನ್ಯಾಸವನ್ನು ಕಾಗದದ ಮೇಲೆ ಹಡಗಿನ ಎಡಬಲ ಪಾರ್ಶ್ವಗಳಿಗೆ ಪ್ರತ್ಯೇಕವಾಗಿ ಬರೆದು ಬಂದರುಗಳಿಗೆ ಕಳುಹಿಸಲಾಗುತ್ತಿತ್ತು. ಮಾದರಿಗಳಿಗೆ ಬಣ್ಣ ಹಾಕುವ, ನಕ್ಷೆ ಬರೆಯುವ ಕೆಲಸದಲ್ಲಿ ಕಲಾಶಾಲೆಗಳಿಂದ ಬಂದ ಅನೇಕ ಯುವತಿಯರು ತೊಡಗಿದ್ದರು. ಯುದ್ಧ ಮುಗಿಯುವ ವೇಳೆಗೆ ಸಾವಿರಾರು ಹಡಗುಗಳು ಹೀಗೆ ಬಣ್ಣ ತೊಟ್ಟಿದ್ದವು.

ಈ ಪ್ರಯತ್ನದ ಫಲ ಚರ್ಚಾಸ್ಪದವಾಗಿಯೇ ಉಳಿಯಿತು. 1918ರಲ್ಲಿ ಬ್ರಿಟಿಷ್ ನೌಕಾ ಆಡಳಿತ ನೇಮಿಸಿದ ಸಮಿತಿಗೆ, ಬಣ್ಣದಿಂದ ಹಡಗುಗಳು ಉಳಿದವೆಂದು ಖಚಿತವಾಗಿ ಹೇಳುವ ಆಧಾರ ದೊರೆಯಲಿಲ್ಲ. ನಾವಿಕರ ಧೈರ್ಯವನ್ನು ಅದು ಹೆಚ್ಚಿಸಿತೆಂಬ ಅಭಿಪ್ರಾಯ ಮಾತ್ರ ವ್ಯಕ್ತವಾಯಿತು. ಆದರೂ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿ ಉಳಿದುಬಂದಿರುವ ಆ ಮಾದರಿಗಳ ಮಹತ್ವ ಇದರಿಂದ ಕುಂದುವುದಿಲ್ಲ. ಅಂದಿನ ಛಾಯಾಚಿತ್ರಗಳು ಸಾಮಾನ್ಯವಾಗಿ ಕಪ್ಪುಬಿಳುಪಿನವು. ಹಡಗುಗಳು ಒಂದೋ ಮುಳುಗಿದವು, ಇಲ್ಲವೇ ಗುಜರಿ ಸೇರಿದವು. ಆ ಬಣ್ಣಗಳು ವಸ್ತುರೂಪದಲ್ಲಿ ಉಳಿದಿರುವುದು ಮುಖ್ಯವಾಗಿ ಅಂಗೈ ಮೇಲೆ ಇಡಬಹುದಾದ ಈ ಮರದ ತುಂಡುಗಳ ಮೇಲೆ.

ಗುರುತಿಸುವ ಕಣ್ಣು

ಎರಡು ಯುದ್ಧಗಳ ನಡುವಣ ಅವಧಿಯಲ್ಲಿ ಜಲರೇಖಾ ಮಾದರಿಗಳು ಸಂಗ್ರಾಹಕರ ಕಪಾಟುಗಳನ್ನು ಸೇರಿದವು. ಇಂಗ್ಲೆಂಡಿನ ನಾರ್ಥಾಂಪ್ಟನ್ನಿನ ಬ್ಯಾಸೆಟ್-ಲೋಕ್ ಸಂಸ್ಥೆ 100 ಅಡಿಗೆ ಒಂದು ಅಂಗುಲದಂತೆ, ಎಂದರೆ 1:1200ರ ಪ್ರಮಾಣದಲ್ಲಿ, ಇವುಗಳನ್ನು ತಯಾರಿಸಿತು. ಮೆಟ್ರಿಕ್ ಅಳತೆಯ ಜರ್ಮನಿಯಲ್ಲಿ ವೀಕಿಂಗ್ ಸಂಸ್ಥೆ 1:1250ನ್ನು ಬಳಸಿತು. ಪ್ರಮಾಣಗಳಲ್ಲಿರುವ ಈ ಅಲ್ಪ ವ್ಯತ್ಯಾಸದಲ್ಲಿಯೂ ಎರಡು ದೇಶಗಳ ಅಳತೆಯ ಪದ್ಧತಿಗಳು ದಾಖಲಾಗಿವೆ. ಒಂದು ಅಂಗುಲಕ್ಕೆ ನೂರು ಅಡಿ ಎಂಬ ಲೆಕ್ಕ ನೌಕಾಧಿಕಾರಿಗೂ ಅನುಕೂಲವಾಗಿತ್ತು. ಸಭಾಂಗಣದ ನೆಲವನ್ನೇ ಕಡಲೆಂದು ಭಾವಿಸಿ, ಅದರ ಮೇಲೆ ನೌಕಾದಳವನ್ನು ಹರಡಿ ಕಾರ್ಯಾಚರಣೆಯನ್ನು ವಿವರಿಸಬಹುದಾಗಿತ್ತು.

ಹಡಗನ್ನು ಸರಿಯಾಗಿ ಗುರುತಿಸದಿದ್ದರೆ ಆಗುವ ಅನಾಹುತಕ್ಕೆ ಎರಡನೆಯ ಮಹಾಯುದ್ಧದ ಪ್ರಸಿದ್ಧ ನಿದರ್ಶನವೊಂದಿದೆ. 1941ರ ಮೇ 26ರಂದು ಜರ್ಮನಿಯ ಬಿಸ್ಮಾರ್ಕ್ ನೌಕೆಯನ್ನು ಅರಸುತ್ತ ಆರ್ಕ್ ರಾಯಲ್ ವಿಮಾನವಾಹಕದಿಂದ ಹೊರಟ ಬ್ರಿಟಿಷ್ ವಿಮಾನಗಳು ತಮ್ಮದೇ ಕಡೆಯ ಶೆಫೀಲ್ಡ್ ಕ್ರೂಸರಿನ ಮೇಲೆ ಟಾರ್ಪಿಡೊ ಎಸೆದವು. ಕೆಲವು ಟಾರ್ಪಿಡೊಗಳು ನೀರಿಗೆ ಬಿದ್ದೊಡನೆ ಸಿಡಿದದ್ದರಿಂದಲೂ ಉಳಿದವನ್ನು ಶೆಫೀಲ್ಡ್ ತಪ್ಪಿಸಿಕೊಂಡದ್ದರಿಂದಲೂ ಆ ಹಡಗು ಪಾರಾಯಿತು. ಗಾತ್ರದಲ್ಲಿ ಬಹಳ ಅಂತರವಿರುವ ಎರಡು ಹಡಗುಗಳನ್ನು, ಮೋಡ ಕವಿದ ಆಕಾಶದಿಂದ, ಅವಸರದಲ್ಲಿ ನೋಡಿದ ಕಣ್ಣು ಪ್ರತ್ಯೇಕಿಸಲಾರದೆ ಹೋಯಿತು. ಯುದ್ಧಕಾಲದಲ್ಲಿ ಬ್ರಿಟನ್, ಅಮೆರಿಕ, ಜರ್ಮನಿಗಳಲ್ಲಿ ನಾವಿಕರಿಗೂ ವಿಮಾನ ಚಾಲಕರಿಗೂ ಜಲರೇಖಾ ಮಾದರಿಗಳನ್ನು ತೋರಿಸಿ ಹಡಗು ಗುರುತಿಸುವ ಶಿಕ್ಷಣವನ್ನು ಕೊಟ್ಟುದರ ಅಗತ್ಯ ಇಂಥ ಘಟನೆಗಳಿಂದ ಮನದಟ್ಟಾಗುತ್ತದೆ.

1942ರ ಜನವರಿಯಲ್ಲಿ ಲಿವರ್‌ಪೂಲ್ ನಗರದಲ್ಲಿ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ಆರಂಭಿಸಿದ ತರಬೇತಿ ಘಟಕದ ಉದಾಹರಣೆಯೂ ಉಲ್ಲೇಖಾರ್ಹ. ಅಲ್ಲಿ ಮಹಿಳಾ ನೌಕಾದಳದ ತರುಣಿಯರು ನೆಲದ ಮೇಲೆ ಪುಟ್ಟ ಹಡಗುಗಳನ್ನು ನಡೆಸುತ್ತಿದ್ದರು. ಬೆಂಗಾವಲು ಹಡಗುಗಳ ನಾಯಕರಾಗಿ ಆಟವಾಡಲು ಬಂದ ಅಧಿಕಾರಿಗಳನ್ನು ಪರದೆಯ ಹಿಂದೆ ನಿಲ್ಲಿಸಿ, ಸಣ್ಣ ಕಿಂಡಿಯ ಮೂಲಕ ಮಾತ್ರ ನೋಡಲು ಬಿಡಲಾಗುತ್ತಿತ್ತು. ಜಲಾಂತರ್ಗಾಮಿಯ ಪಥವನ್ನು ಅವರ ಕಣ್ಣಿಗೆ ಕಾಣದ ಹಸಿರು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ನಿಜವಾದ ಸಮರದಲ್ಲಿ ನಾಯಕನಿಗೆ ಎಷ್ಟು ಕಾಣುತ್ತದೆಯೋ ಅಷ್ಟೇ ಇಲ್ಲಿಯೂ ಕಾಣಬೇಕೆಂಬುದು ಇದರ ತತ್ತ್ವ. ಅಟ್ಲಾಂಟಿಕ್ ಸಮರದ ಹಲವು ತಂತ್ರಗಳು ಈ ನೆಲದ ಮೇಲೆ ರೂಪುಗೊಂಡವು.

ಷಿಜುವೊಕ ನಗರದ ಮಾಲಿಕೆ

ಯುದ್ಧಾನಂತರ ಈ ಮಾದರಿಗಳು ಸೈನಿಕ ಶಾಲೆಗಳಿಂದ ಜನಸಾಮಾನ್ಯರ ಮನೆಗಳಿಗೆ ಬಂದುದರಲ್ಲಿ ಜಪಾನಿನ ಪಾತ್ರ ಹಿರಿದು. ಷಿಜುವೊಕ ಮರಗೆಲಸಕ್ಕೆ ಹೆಸರಾದ ನಗರ. ಅಲ್ಲಿ 1946ರಲ್ಲಿ ಮರದ ವ್ಯಾಪಾರ ಸಂಸ್ಥೆಯಾಗಿ ಹುಟ್ಟಿದ ತಮಿಯ, ಮೊದಲು ಮರದ ಮಾದರಿಗಳನ್ನು ಮಾಡಿ, 1960ರಲ್ಲಿ ತನ್ನ ಮೊದಲ ಪ್ಲಾಸ್ಟಿಕ್ ಮಾದರಿಯಾಗಿ ಯಮಾಟೊ ಯುದ್ಧನೌಕೆಯನ್ನು ಹೊರತಂದಿತು. 1971ರ ಮೇ ತಿಂಗಳಿನಲ್ಲಿ ತಮಿಯ, ಹಸೆಗಾವ, ಅವೊಷಿಮ, ಫುಜಿಮಿ ಎಂಬ ಅದೇ ನಗರದ ನಾಲ್ಕು ಸಂಸ್ಥೆಗಳು ಒಂದುಗೂಡಿ ವಾಟರ್‌ಲೈನ್ ಮಾಲಿಕೆಯನ್ನು ಪ್ರಾರಂಭಿಸಿದವು. ಒಂದೇ ಹಡಗನ್ನು ಇಬ್ಬರು ಮಾಡದಂತೆ ಹಡಗುಗಳನ್ನು ಹಂಚಿಕೊಂಡು, ಎಲ್ಲವನ್ನೂ 1:700ರ ಪ್ರಮಾಣದಲ್ಲಿ ತಯಾರಿಸುವುದು ಅವುಗಳ ಒಪ್ಪಂದ. 1992ರಲ್ಲಿ ಫುಜಿಮಿ ಈ ಕೂಟದಿಂದ ಹೊರಬಂದಿತು. ಆದರೆ 1:700 ಎಂಬ ಪ್ರಮಾಣ ಜಗತ್ತಿನಾದ್ಯಂತ ನೆಲೆಯೂರಿತು.

ಇದರಲ್ಲಿ ವ್ಯಾಪಾರಕ್ಕಿಂತ ಹೆಚ್ಚಿನದೊಂದು ಅಂಶವಿದೆ. ಜಪಾನಿನ ಸಾಮ್ರಾಜ್ಯ ನೌಕಾದಳದ ಬಹುಪಾಲು ದೊಡ್ಡ ಹಡಗುಗಳು 1945ರ ವೇಳೆಗೆ ಕಡಲ ತಳ ಸೇರಿದ್ದವು. ಶರಣಾಗತಿಯ ಹೊತ್ತಿಗೆ ನೌಕಾದಳದ ಅಪಾರ ದಾಖಲೆಗಳನ್ನು ಸುಟ್ಟುಹಾಕಲಾಗಿತ್ತು. ಹಡಗೂ ಇಲ್ಲ, ಕಾಗದವೂ ಇಲ್ಲ ಎಂಬ ಸ್ಥಿತಿ. ನೌಕಾದಳದಲ್ಲಿ ತಾಂತ್ರಿಕ ಅಧಿಕಾರಿಯಾಗಿದ್ದ ಫುಕುಯಿ ಷಿಜುವೊ ಜೀವನಪೂರ್ತಿ ಸಂಗ್ರಹಿಸಿದ ಛಾಯಾಚಿತ್ರಗಳಂಥ ಆಕರಗಳೇ ಮುಂದಿನವರಿಗೆ ಆಧಾರವಾದವು. ಮಾದರಿಕಾರರು ಇಂಥ ಚಿತ್ರಗಳಿಂದ ಕೂವೆಮರದ ಎತ್ತರವನ್ನೂ ಕಿರುಫಿರಂಗಿಗಳ ಸಂಖ್ಯೆಯನ್ನೂ ಎಣಿಸಿ ತೆಗೆಯಬೇಕಾಯಿತು. ಶಿಥಿಲ ಶಾಸನದ ಅಕ್ಷರಗಳನ್ನು ಅಚ್ಚಿನಿಂದ ಬಿಡಿಸಿ ಓದುವ ಕೆಲಸಕ್ಕೂ ಇದಕ್ಕೂ ಸ್ವಭಾವದಲ್ಲಿ ಭೇದವಿಲ್ಲ.

ರಚನೆ ಮತ್ತು ವಿವರಗಾರಿಕೆ

ಮಾದರಿಯ ರಚನೆಯಲ್ಲಿ ಅಡಗಿರುವ ಚಾರಿತ್ರಿಕ ತೀರ್ಮಾನಗಳನ್ನು ಅರಿಯಲು ಅಳತೆಗಳ ಪರಿಚಯ ಅವಶ್ಯ. 1:700ರಲ್ಲಿ ಒಂದು ಮಿಲಿಮೀಟರ್ ಎಂದರೆ 70 ಸೆಂಟಿಮೀಟರ್. ಸಾಮಾನ್ಯ ಎತ್ತರದ ಮನುಷ್ಯ 2.4 ಮಿಲಿಮೀಟರ್ ಆಗುತ್ತಾನೆ. ಡೆಕ್ಕಿನ ಅಂಚಿನಲ್ಲಿರುವ ಒಂದು ಮೀಟರ್ ಎತ್ತರದ ಕಂಬಿಬೇಲಿ ಸುಮಾರು 1.4 ಮಿಲಿಮೀಟರ್. 15 ಸೆಂಟಿಮೀಟರ್ ಅಗಲದ ಮರದ ಹಲಗೆ 0.2 ಮಿಲಿಮೀಟರ್. ಎರಡು ಸೆಂಟಿಮೀಟರ್ ದಪ್ಪದ ತಂತಿ 0.03 ಮಿಲಿಮೀಟರ್, ಇದು ತಲೆಗೂದಲಿಗಿಂತ ತೆಳುವಾದುದು.

ಕರಗಿದ ಪ್ಲಾಸ್ಟಿಕನ್ನು ಉಕ್ಕಿನ ಅಚ್ಚಿಗೆ ಒತ್ತಿ ಪಡೆಯುವ ಭಾಗಗಳಲ್ಲಿ ಇಷ್ಟು ತೆಳುವನ್ನು ಸಾಧಿಸಲಾಗದು. ಆದ್ದರಿಂದ ಪೆಟ್ಟಿಗೆಯಿಂದ ತೆಗೆದ ಹಡಗಿನಲ್ಲಿ ಕಂಬಿಬೇಲಿ ಇರುವುದೇ ಇಲ್ಲ; ಕೂವೆಮರ ಬೆರಳಿನಂತೆ ದಪ್ಪಗಿರುತ್ತದೆ. ವಿವರಗಾರಿಕೆ ಎಂಬ ಕೆಲಸ ಇಲ್ಲಿಂದ ಆರಂಭವಾಗುತ್ತದೆ. ಮೊದಲು ಒಡಲಿನ ಎರಡು ಪಾಲುಗಳನ್ನು ಚಪ್ಪಟೆ ತಳಕ್ಕೆ ಅಂಟಿಸಿ, ತಳವನ್ನು ಗಾಜಿನ ಮೇಲೆ ಹಾಸಿದ ಉಪ್ಪುಕಾಗದಕ್ಕೆ ಉಜ್ಜಿ ಸಮಗೊಳಿಸುತ್ತಾರೆ. ತಳ ಎಲ್ಲಿಯಾದರೂ ಬಾಗಿದ್ದರೆ ಹಡಗಿನ ಕೆಳಗೆ ಬೆಳಕು ಇಣುಕುತ್ತದೆ, ಕಡಲಿನ ಭ್ರಮೆ ಅಲ್ಲಿಗೇ ಮುಗಿಯುತ್ತದೆ. ಜೋಡಣೆಯ ಸಂದುಗಳನ್ನು ಲಪ್ಪದಿಂದ ತುಂಬಿ ಒರೆಯುತ್ತಾರೆ. ದಪ್ಪ ಕೂವೆಗಳನ್ನು ಕತ್ತರಿಸಿ ಹಿತ್ತಾಳೆಯ ಸರಿಗೆಯಿಂದ ಹೊಸದನ್ನು ಮಾಡುತ್ತಾರೆ. ಬೇಲಿ, ಏಣಿ, ಕ್ರೇನು, ರೇಡಾರ್ ಜಾಲರಿಗಳಿಗೆ ರಾಸಾಯನಿಕದಿಂದ ಕೊರೆದ ತೆಳು ಲೋಹದ ಹಾಳೆಗಳು ಬಳಕೆಗೆ ಬಂದಿವೆ. ಅಚ್ಚಿನ ಚೌಕಟ್ಟಿನ ಪ್ಲಾಸ್ಟಿಕ್ ಕಡ್ಡಿಯನ್ನು ದೀಪದ ಶಾಖಕ್ಕೆ ಹಿಡಿದು, ಮೆತ್ತಗಾದೊಡನೆ ಎರಡೂ ಕಡೆಗೆ ಎಳೆದರೆ ಜೇಡನ ನೂಲಿನಂಥ ಎಳೆ ದೊರೆಯುತ್ತದೆ. ಹಗ್ಗ, ತಂತಿಗಳಿಗೆ ಅದೇ ಸಾಧನ.

ಎಷ್ಟೇ ಸೂಕ್ಷ್ಮಗೊಳಿಸಿದರೂ ಎಲ್ಲವನ್ನೂ ತೋರಿಸಲಾಗದು. 0.03 ಮಿಲಿಮೀಟರಿನ ತಂತಿಯನ್ನು ಅದೇ ಅಳತೆಯಲ್ಲಿ ಕಟ್ಟಿದರೆ ಅದು ಕಾಣುವುದಿಲ್ಲ. ಕಾಣುವಷ್ಟು ದಪ್ಪಗೆ ಕಟ್ಟಿದರೆ ಅದು ಹಗ್ಗವಾಗುತ್ತದೆ. ಬಿಡಬೇಕೆ, ಹಿಗ್ಗಿಸಬೇಕೆ ಎಂಬ ತೀರ್ಮಾನ ಅನಿವಾರ್ಯ. ಬಣ್ಣದ ವಿಷಯವೂ ಹಾಗೆಯೇ. ದೂರದ ಹಡಗು ಗಾಳಿಯ ತೇವದಿಂದ ಮಸುಕಾಗಿ ಕಾಣುವುದರಿಂದ, ಮೂಲ ಬಣ್ಣವನ್ನು ಹಾಗೆಯೇ ಬಳಿದರೆ ಮಾದರಿ ಕಪ್ಪಿಟ್ಟಂತೆ ತೋರುತ್ತದೆ. ಅನುಭವಿಗಳು ಅದಕ್ಕೆ ತುಸು ಬಿಳಿ ಬೆರೆಸುತ್ತಾರೆ.

ಎಲ್ಲಕ್ಕಿಂತ ಕುತೂಹಲಕರವಾದುದು ಕಡಲು. ತೇಲುವ ಹಡಗಿನ ಎಡಬಲಗಳಲ್ಲಿ ಹರಡುವ ಅಲೆಗಳು ಆಳವಾದ ನೀರಿನಲ್ಲಿ ಪ್ರತಿಯೊಂದು ಪಾರ್ಶ್ವಕ್ಕೂ ಸುಮಾರು 19.5 ಡಿಗ್ರಿ ಕೋನದ ಒಳಗೇ ಇರುತ್ತವೆಂಬುದನ್ನು ಲಾರ್ಡ್ ಕೆಲ್ವಿನ್ 1887ರಲ್ಲಿ ಗಣಿತದಿಂದ ತೋರಿಸಿದನು. ವೇಗ ಹೆಚ್ಚಿದರೂ ತಗ್ಗಿದರೂ ಈ ಕೋನ ಬದಲಾಗದು. ಬದಲಾಗುವುದು ಅಲೆಗಳ ನಡುವಣ ಅಂತರ. 20 ನಾಟ್ ವೇಗದಲ್ಲಿ ಹಡಗಿನ ಹಾದಿಗುಂಟ ಮೂಡುವ ಅಲೆಯ ಉದ್ದ ಸುಮಾರು 68 ಮೀಟರ್. 30 ನಾಟ್ ವೇಗದಲ್ಲಿ ಸುಮಾರು 152 ಮೀಟರ್. 1:700ರಲ್ಲಿ ಇವು ಕ್ರಮವಾಗಿ 9.7 ಮತ್ತು 21.8 ಸೆಂಟಿಮೀಟರ್ ಆಗುತ್ತವೆ. ಆದ್ದರಿಂದ ಅಲೆಗಳನ್ನು ತಿದ್ದುವವನು ತನ್ನ ಹಡಗಿನ ವೇಗವನ್ನು ಮೊದಲೇ ನಿಶ್ಚಯಿಸಿಕೊಂಡಿರಬೇಕು. ಬಾವುಟ ಹಾರುವ ದಿಕ್ಕೂ ಹೊಗೆ ಬಾಗುವ ದಿಕ್ಕೂ ಅದರೊಡನೆ ಹೊಂದಬೇಕು.

ಕಡೆಗೆ ನೀರುಗೆರೆಯ ಪ್ರಶ್ನೆ. ಹಡಗಿನ ನೀರುಗೆರೆ ಸ್ಥಿರವಾದುದಲ್ಲ. ಎಣ್ಣೆ, ಮದ್ದುಗುಂಡು, ದವಸಗಳನ್ನು ತುಂಬಿಕೊಂಡು ಬಂದರು ಬಿಟ್ಟ ದಿನ ಅದು ಮೇಲೇರಿರುತ್ತದೆ. ವಾರಗಳ ಸಂಚಾರದ ನಂತರ ಕೆಳಗಿಳಿದಿರುತ್ತದೆ. ಸರಕು ಹಡಗುಗಳಿಗೆ ಅತಿಭಾರ ಹೇರಿ ನಾವಿಕರನ್ನು ಸಾವಿಗೆ ದೂಡುವುದನ್ನು ತಡೆಯಲು ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿದ್ದು, 1876ರ ಬ್ರಿಟಿಷ್ ಕಾಯಿದೆ ಭಾರದ ಗೆರೆಯನ್ನು ಕಡ್ಡಾಯಗೊಳಿಸಿದ್ದು ಇದೇ ಕಾರಣದಿಂದ. ಒಂದು ಮೀಟರ್ ಆಳದ ವ್ಯತ್ಯಾಸ ಮಾದರಿಯಲ್ಲಿ 1.4 ಮಿಲಿಮೀಟರ್ ಆಗುತ್ತದೆ. ಹೀಗಾಗಿ ಜಲರೇಖಾ ಮಾದರಿ ಒಂದು ಹಡಗನ್ನು ಸಾಮಾನ್ಯವಾಗಿ ತೋರಿಸಲಾರದು. ಅದು ಆ ಹಡಗಿನ ಒಂದು ದಿನವನ್ನು ಮಾತ್ರ ತೋರಿಸಬಲ್ಲದು.

'ಮೈಸೂರು' ನೌಕೆ: ಒಂದು ನಿದರ್ಶನ

ಈ ಮಾತನ್ನು ನಮ್ಮ ನಾಡಿನ ಹೆಸರನ್ನು ಹೊತ್ತ ಹಡಗಿನ ಮೂಲಕ ಪರಿಶೀಲಿಸಬಹುದು. ಭಾರತೀಯ ನೌಕಾದಳದ ಐಎನ್‌ಎಸ್ ಮೈಸೂರು ಎಂಬ ಕ್ರೂಸರ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಎಚ್‌ಎಂಎಸ್ ನೈಜೀರಿಯ ಎಂಬ ಹೆಸರಿನಿಂದ. 1939ರ ಜುಲೈ 18ರಂದು ನೀರಿಗಿಳಿದು, 1940ರಲ್ಲಿ ಸೇವೆಗೆ ಸೇರಿದ ಈ ಹಡಗು 1942ರ ಆಗಸ್ಟ್ 12ರಂದು ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಒಯ್ಯುವ ಹಡಗುಗಳಿಗೆ ಬೆಂಗಾವಲಾಗಿದ್ದಾಗ ಇಟಲಿಯ ಆಕ್ಸಮ್ ಜಲಾಂತರ್ಗಾಮಿಯ ಟಾರ್ಪಿಡೊಗೆ ತುತ್ತಾಯಿತು. ಮುಳುಗದೆ ಉಳಿದು, ಅಮೆರಿಕದಲ್ಲಿ ದುರಸ್ತಿಗೊಂಡು, ಮುಂದೆ ಹಿಂದೂ ಮಹಾಸಾಗರದಲ್ಲಿ ಸೇವೆ ಸಲ್ಲಿಸಿತು. 1954ರಲ್ಲಿ ಭಾರತ ಇದನ್ನು ಕೊಂಡಿತು. ಬರ್ಕನ್‌ಹೆಡ್ಡಿನ ಹಡಗುಕಟ್ಟೆಯಲ್ಲಿ ವ್ಯಾಪಕ ನವೀಕರಣ ನಡೆದು, 1957ರ ಆಗಸ್ಟ್ 29ರಂದು ಮೈಸೂರು ಎಂಬ ಹೆಸರಿನಿಂದ ಕ್ಯಾಪ್ಟನ್ ಎಸ್. ಎಂ. ನಂದಾ ಅವರ ನಾಯಕತ್ವದಲ್ಲಿ ಸೇರ್ಪಡೆಯಾಯಿತು. ಗಂಡಭೇರುಂಡ ಅದರ ಲಾಂಛನವಾಯಿತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾಪಡೆಯ ಧ್ವಜನೌಕೆಯಾಗಿದ್ದ ಇದು 1985ರಲ್ಲಿ ನಿವೃತ್ತಿಗೊಂಡು ಗುಜರಿ ಸೇರಿತು. 1999ರಲ್ಲಿ ಸೇವೆಗೆ ಸೇರಿದ ಅದೇ ಹೆಸರಿನ ವಿಧ್ವಂಸಕ ನೌಕೆ ಬೇರೆ.

ಈ ಹಡಗಿನ ಉದ್ದ 555.5 ಅಡಿ, ಎಂದರೆ 169.3 ಮೀಟರ್, ಅಗಲ 62 ಅಡಿ. 1:700ರಲ್ಲಿ 24.2 ಸೆಂಟಿಮೀಟರ್ ಉದ್ದ, 2.7 ಸೆಂಟಿಮೀಟರ್ ಅಗಲ. ಒಡಲು ಒಂದೇ. ಆದರೆ ನೀರುಗೆರೆಯ ಮೇಲೆ ಎರಡು ಹಡಗುಗಳಿವೆ. 1940ರ ನೈಜೀರಿಯದಲ್ಲಿ ಮೂರು ಮೂರು ನಳಿಗೆಗಳ ನಾಲ್ಕು ಫಿರಂಗಿ ಗೋಪುರಗಳಿದ್ದು ಒಟ್ಟು 12 ದೊಡ್ಡ ಫಿರಂಗಿಗಳಿದ್ದವು, ಮುಕ್ಕಾಲಿನ ಕೂವೆಗಳಿದ್ದವು, ನಡುಭಾಗದಲ್ಲಿ ವಿಮಾನವನ್ನು ಚಿಮ್ಮಿಸುವ ಏರ್ಪಾಡಿತ್ತು. 1957ರ ಮೈಸೂರಿನಲ್ಲಿ ಮೂರೇ ಗೋಪುರಗಳು, ಒಂಬತ್ತೇ ದೊಡ್ಡ ಫಿರಂಗಿಗಳು. ಮುಕ್ಕಾಲಿನ ಕೂವೆಗಳ ಸ್ಥಾನದಲ್ಲಿ ಜಾಲರಿಯಂಥ ಉಕ್ಕಿನ ಕೂವೆಗಳು. ವಿಮಾನದ ಏರ್ಪಾಡು ಇಲ್ಲ. ನೈಜೀರಿಯದ ಮಾದರಿಯನ್ನು ಜೋಡಿಸಿ ಮೈಸೂರು ಎಂದು ಹೆಸರು ಬರೆದರೆ, ಎಂದೂ ಇರದಿದ್ದ ಹಡಗೊಂದನ್ನು ಸೃಷ್ಟಿಸಿದಂತಾಗುತ್ತದೆ. ಪೂರ್ಣ ಒಡಲಿನ ದೃಷ್ಟಿಯಿಂದ ಇದು ಒಂದೇ ಹಡಗಿನ ನಲವತ್ತೈದು ವರ್ಷಗಳ ಆಯುಷ್ಯ. ಬಂದರಿನ ಕಟ್ಟೆಯ ಮೇಲೆ ನಿಂತು ನೋಡಿದವರ ದೃಷ್ಟಿಯಿಂದ ಅದು ಒಂದು ಸಾಮ್ರಾಜ್ಯದ ಹಡಗು ಇನ್ನೊಂದು ಗಣರಾಜ್ಯದ ಹಡಗಾಗಿ ರೂಪಾಂತರಗೊಂಡ ಚರಿತ್ರೆ. ಈ ರೂಪಾಂತರವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಲು ಎರಡು ಜಲರೇಖಾ ಮಾದರಿಗಳನ್ನು ಜೊತೆಗಿಡುವುದಕ್ಕಿಂತ ಸರಳವಾದ ಉಪಾಯವಿಲ್ಲ.

ಆಕರವಾಗಿ ಮಾದರಿ: ಎಚ್ಚರದ ಮಾತು

ಮಾದರಿಗೆ ಆಕರದ ಸ್ಥಾನವನ್ನು ಕೊಡುವಾಗ ಎಚ್ಚರವೂ ಅಗತ್ಯ. ಸಮಕಾಲೀನ ಮಾದರಿ ಬೇರೆ, ಅನಂತರದ ಪುನಾರಚನೆ ಬೇರೆ. ಬರ್ಲಿಂಗ್‌ಟನ್ ಹೌಸಿನ ಬಣ್ಣದ ಮಾದರಿ ಆ ಕಾಲದ್ದೇ ಆದ ಪ್ರಾಥಮಿಕ ಆಕರ; ಆದರೆ ಅದು ವಿನ್ಯಾಸಕ್ಕೆ ಸಾಕ್ಷಿಯೇ ಹೊರತು, ದೂರದ ಬಂದರಿನಲ್ಲಿ ಹಡಗಿಗೆ ಹಾಗೆಯೇ ಬಣ್ಣ ಬಳಿದರು ಎಂಬುದಕ್ಕಲ್ಲ. ಕಾರ್ಖಾನೆಯಿಂದ ಬಂದ ಅಥವಾ ಹವ್ಯಾಸಿ ರಚಿಸಿದ ಹಡಗು ಒಂದು ವ್ಯಾಖ್ಯಾನ ಮಾತ್ರ. ಅದರಲ್ಲಿ ತಪ್ಪು ಸೇರಿದರೆ, ನೋಡಿದವರೆಲ್ಲ ಅದನ್ನೇ ಸತ್ಯವೆಂದು ಗ್ರಹಿಸುತ್ತಾರೆ.

ಯಮಾಟೊ ಹಡಗಿನ ಸೇವಂತಿಗೆ ಲಾಂಛನದ ಪ್ರಸಂಗ ಇದಕ್ಕೆ ಒಳ್ಳೆಯ ಉದಾಹರಣೆ. 1945ರ ಏಪ್ರಿಲ್ 7ರಂದು ಮುಳುಗಿದ ಈ ನೌಕೆಯ ಮುಂತುದಿಯಲ್ಲಿದ್ದ ಲಾಂಛನದ ವ್ಯಾಸ 1.5 ಮೀಟರ್ ಎಂದು ಬಹುಕಾಲ ನಂಬಲಾಗಿತ್ತು. 1999ರಲ್ಲಿ ಕಡಲ ತಳದ ಅವಶೇಷಗಳನ್ನು ಪರಿಶೀಲಿಸಿದಾಗ ಅದು ಸುಮಾರು ಒಂದು ಮೀಟರ್ ಎಂದು ತಿಳಿದುಬಂತು. 2005ರಲ್ಲಿ ಕುರೆ ನಗರದಲ್ಲಿ ಪ್ರಾರಂಭವಾದ ವಸ್ತುಸಂಗ್ರಹಾಲಯದ 26.3 ಮೀಟರ್ ಉದ್ದದ, ಹತ್ತನೆಯ ಒಂದು ಅಳತೆಯ ಯಮಾಟೊವಿನಲ್ಲಿ ಈ ವ್ಯತ್ಯಾಸ ಐದು ಸೆಂಟಿಮೀಟರ್. 1:700ರಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ. ವ್ಯತ್ಯಾಸ ಚಿಕ್ಕದು. ಆದರೆ ಅದಕ್ಕೆ ಮುನ್ನ ರಚಿತವಾದ ಮಾದರಿಗಳು ಆ ಕಾಲದ ತಿಳಿವಳಿಕೆಯ ಮಿತಿಯನ್ನು ತಮ್ಮ ಮುಂತುದಿಯಲ್ಲಿಯೇ ಹೊತ್ತಿವೆ. ತಪ್ಪಾದ ಮಾದರಿಯೂ ಈ ಅರ್ಥದಲ್ಲಿ ದಾಖಲೆಯೇ. ಅದು ಹಡಗಿನ ದಾಖಲೆಯಲ್ಲ, ಹಡಗನ್ನು ಕುರಿತ ಅರಿವಿನ ದಾಖಲೆ.

ಉಪಸಂಹಾರ

ಜಲರೇಖಾ ಮಾದರಿ ಹಡಗಿನ ಅರ್ಧಭಾಗವನ್ನು ಕೈಬಿಡುವುದರ ಮೂಲಕ ನೋಡುವವನ ಸ್ಥಾನವನ್ನು ಉಳಿಸಿಕೊಂಡಿದೆ. ಜೇನನ ಆಟದಿಂದ ಲಿವರ್‌ಪೂಲಿನ ಕಿಂಡಿಯವರೆಗೆ, ಬರ್ಲಿಂಗ್‌ಟನ್ ಹೌಸಿನ ತಿರುಗುಮಣೆಯಿಂದ ಷಿಜುವೊಕದ ಪೆಟ್ಟಿಗೆಗಳವರೆಗೆ ಅದರ ಪ್ರಯೋಜನ ಈ ಒಂದು ಸಂಗತಿಯನ್ನೇ ಅವಲಂಬಿಸಿದೆ. ಅದನ್ನು ಪ್ರಾಮಾಣಿಕವಾಗಿ ರಚಿಸುವವನು ಕಾಲ, ವೇಗ, ಭಾರ, ಗಾಳಿಗಳನ್ನು ನಿಶ್ಚಯಿಸಲೇಬೇಕಾಗುತ್ತದೆ. ಅದಕ್ಕಾಗಿ ಛಾಯಾಚಿತ್ರವನ್ನು ದಿನಾಂಕದೊಡನೆ, ನಕ್ಷೆಯನ್ನು ದುರಸ್ತಿಯ ದಾಖಲೆಯೊಡನೆ ತಾಳೆ ನೋಡಬೇಕಾಗುತ್ತದೆ.

ಕಾರವಾರದ ಕಡಲ ತೀರದಲ್ಲಿ ಚಾಪಲ್ ಎಂಬ ಕ್ಷಿಪಣಿ ದೋಣಿಯನ್ನು ಇಡಿಯಾಗಿ ದಡಕ್ಕೆ ತಂದು ವಸ್ತುಸಂಗ್ರಹಾಲಯವಾಗಿ ಉಳಿಸಿಕೊಳ್ಳಲಾಗಿದೆ. ಕ್ರೂಸರಿನಂಥ ಹಡಗಿಗೆ ಆ ಭಾಗ್ಯ ದೊರೆಯುವುದು ಅಪರೂಪ, ಮೈಸೂರಿಗೆ ದೊರೆಯಲಿಲ್ಲ. ಅಂಥ ಹಡಗುಗಳ ಮಾದರಿಗಳನ್ನು ನಮ್ಮ ಸಂಗ್ರಹಾಲಯಗಳಲ್ಲಿ ಇರಿಸುವಾಗ ಪೀಠದ ಮೇಲೆ ಹಡಗಿನ ಹೆಸರಿನ ಜೊತೆಗೆ ಮೂರು ವಿವರಗಳನ್ನು ಬರೆಯುವುದು ಒಳ್ಳೆಯದು: ಮಾದರಿ ತೋರಿಸುವ ದಿನ ಯಾವುದು, ಯಾವ ಆಕರಗಳನ್ನು ಬಳಸಲಾಗಿದೆ, ಯಾವ ಭಾಗಗಳು ಊಹೆಯಿಂದ ಮಾಡಿದವು. ಶಾಸನದ ಪಾಠದಲ್ಲಿ ನಷ್ಟವಾದ ಅಕ್ಷರಗಳನ್ನು ಆವರಣದಲ್ಲಿ ತುಂಬಿಕೊಡುವ ಶಿಸ್ತು ನಮ್ಮ ವಿದ್ವಾಂಸರಿಗೆ ಹೊಸದಲ್ಲ. ಅದೇ ಶಿಸ್ತನ್ನು ಇಪ್ಪತ್ತನಾಲ್ಕು ಸೆಂಟಿಮೀಟರಿನ ಹಡಗಿಗೂ ಅನ್ವಯಿಸಿದರೆ, ಗುಜರಿ ಸೇರಿದ ನೌಕೆಯ ಚಹರೆ ಮುಂದಿನ ತಲೆಮಾರಿಗೆ ನಂಬಿಕೆಗೆ ಅರ್ಹವಾದ ರೂಪದಲ್ಲಿ ತಲುಪುತ್ತದೆ.